ಪೀಪಾಯಿ ತೊಳೆದ ಮಳೆಗಾಲ

ಈ ಆಷಾಢದಲ್ಲಿ ನಾನು ಕಸ್ಬಾ ಬಡಾವಣೆಯ ಚಿಗವ್ವನ ಮನೆಗೆ ಬಂದಿಳಿದ ಬೆಳಿಗ್ಗೆ, ಹಿಂದಿನ ದಿನ ರುಬ್ಬಿಟ್ಟ ದೋಸೆಹಿಟ್ಟು ಉಕ್ಕಿ ಪಾತ್ರೆಯಿಂದ ಅಡುಗೆಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಇಳಿದಿತ್ತು. ಕೋಲ್ಕತ್ತಾದ ಮಳೆಗಾಲದ ಸೆಕೆಯಲ್ಲಿ ಹಿಟ್ಟು ಯಾರ ಮಾತನ್ನೂ ಕೇಳುವುದಿಲ್ಲ. ಚಿಗವ್ವ ಸೆರಗು ಸಿಕ್ಕಿಸಿಕೊಂಡು ನೆಲ ಒರೆಸುತ್ತಿದ್ದಳು. ತಲೆ ಎತ್ತದೆಯೇ, "ಬಂದಿ? ಅಲ್ಲೇ ನಿಂದ್ರು, ಜಾರತೈತಿ," ಎಂದಳು. ನಾನು ಹೊಸ್ತಿಲಲ್ಲೇ ನಿಂತೆ. ಆ ಹುಳಿ ವಾಸನೆ ಮೂಗಿಗೆ ಬಡಿಯುತ್ತಲೇ ಕಣ್ಣ ಮುಂದೆ ಬಂದದ್ದು ನಗರದ ನೈಋತ್ಯದ ಅಂಚು. ಜೋಕಾದಿಂದಾಚೆ, ಕಾಲುವೆಯ ದಂಡೆಯ ಮೇಲಿನ ತಗಡಿನ ಸೂರು. ಅದರ ಕೆಳಗೆ ನಿಂತ ಒಂದು ನೀಲಿ ಪೀಪಾಯಿ. ಪೀಪಾಯಿಯೊಳಗೆ, ಹಂದಿಗಳಿಗಾಗಿ ಬೇಯಿಸಿ ಹುಳಿ ಬರಿಸಿದ ಗಂಜಿ.

ಅದು ಕೆಲವು ವರ್ಷಗಳ ಹಿಂದಿನ ಮಳೆಗಾಲ. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದ ನನಗೆ ಕೋಲ್ಕತ್ತಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಒಂದು ವರ್ಷದ ಸಹಾಯಕಿಯ ಕೆಲಸ ಸಿಕ್ಕಿತ್ತು. ಸಂಸ್ಥೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾರ ಹೆಸರನ್ನೂ ಕೆಡಿಸುವ ಆಸೆ ನನಗಿಲ್ಲ. ಒಂದು ಪ್ರಶ್ನೆಗೆ ಉತ್ತರ ಬೇಕಾಗಿತ್ತು, ಅದು ಇಂದಿಗೂ ಬಂದಿಲ್ಲ. ಅಷ್ಟೇ ನನ್ನ ತಕರಾರು. ಅವ್ವನ ತಂಗಿಯಾದ ಚಿಗವ್ವ ಗಂಡನ ರೈಲ್ವೆ ನೌಕರಿಯಿಂದಾಗಿ ಈ ಊರು ಸೇರಿದವಳು. ನನ್ನ ವಾಸ ಅವಳ ಮನೆಯಲ್ಲೇ. ಮೊಟ್ಟೆಯನ್ನೂ ಒಳಗೆ ಬಿಡದ ಆ ಅಡುಗೆಮನೆಯಲ್ಲಿ ಉಪ್ಪಿಟ್ಟು ತಿಂದು ನಾನು ಹೊರಡುತ್ತಿದ್ದದ್ದು ಹಂದಿಗಳ ಬಳಿಗೆ.

"ಎಂ.ಎಸ್ಸಿ. ಮಾಡಿದ್ದು ಹಂದಿ ಹಿಂದ ಕುಂದ್ರಾಕೇನ, ವಿಜ್ಜಿ?" ಎಂದು ಚಿಗವ್ವ ಮೊದಲ ದಿನವೇ ಕೇಳಿದ್ದಳು. "ನಾಳೆ ಯಾರರ ಹುಡುಗಿ ಏನ ಮಾಡತಾಳ ಅಂತ ಕೇಳಿದ್ರ ನಾ ಏನ ಹೇಳಲಿ?"

"ಕರುಳಿನ ಬ್ಯಾಕ್ಟೀರಿಯಾ ಮ್ಯಾಲೆ ಸಂಶೋಧನಾ ಮಾಡತಾಳ ಅನ್ನು."

"ಕರುಳು ಅಂತೀನಿ. ಯಾರ ಕರುಳು ಅನ್ನೂದು ಹೇಳೂದಿಲ್ಲ."

ಸಂಜೆ ಮರಳಿದಾಗ ಸ್ನಾನವಾಗದ ಹೊರತು ಒಳಗೆ ಪ್ರವೇಶವಿರಲಿಲ್ಲ. ಕಾಲೇಜಿನ ಮೊದಲ ವರ್ಷದಲ್ಲಿದ್ದ ಚಿಗವ್ವನ ಮಗಳು ನೇಹಾ ಮೂಗು ಹಿಡಿದುಕೊಂಡೇ ಬಾಗಿಲು ತೆರೆಯುತ್ತಿದ್ದಳು: "ಅಕ್ಕಾ, ಪ್ಲೀಸ್, ಫಸ್ಟ್ ಬಾತ್‌ರೂಮ್."

ನಾವು ಕೇಳಹೊರಟಿದ್ದ ಪ್ರಶ್ನೆ ಚಿಕ್ಕದಾಗಿತ್ತು, ಒಳ್ಳೆಯದಾಗಿತ್ತು. ಹಂದಿಯ ಹೊಟ್ಟೆ ಹಂದಿಯೊಂದರದೇ ಅಲ್ಲ. ಅದರ ದೊಡ್ಡ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ಬದುಕುತ್ತವೆ. ಹಂದಿ ತಾನಾಗಿ ಅರಗಿಸಲಾರದ ನಾರನ್ನು ಅವು ಹುಳಿಸಿ, ಕರುಳಿನ ಗೋಡೆಗೆ ಆಹಾರವಾಗುವ ಆಮ್ಲಗಳನ್ನು ತಯಾರಿಸಿಕೊಡುತ್ತವೆ. ಏನನ್ನು ತಿನ್ನಿಸುತ್ತೇವೆ ಎಂಬುದರ ಮೇಲೆ ಅಲ್ಲಿ ಯಾವ ಬ್ಯಾಕ್ಟೀರಿಯಾ ನೆಲೆ ನಿಲ್ಲುತ್ತದೆ, ಯಾವುದು ನಾಶವಾಗುತ್ತದೆ ಎಂಬುದು ನಿಂತಿದೆ. ತಾಯಿಯ ಹಾಲು ಬಿಟ್ಟ ವಾರಗಳಲ್ಲಿ ಮರಿಗಳು ಭೇದಿ ಹತ್ತಿ ಸಾಯುವುದು ಬಹುಮಟ್ಟಿಗೆ ಈ ನೆಲೆ ಕದಡಿದಾಗಲೇ. ಬಂಗಾಳದ ಉತ್ತರದ ಜಿಲ್ಲೆಗಳಿಂದ ಬಂದ ಘುಂಗ್ರೂ ಎಂಬ ಕಪ್ಪು ತಳಿ, ತಲೆತಲಾಂತರದಿಂದ ಕೆಸುವಿನ ದಂಟು, ತವುಡು, ಮನುಷ್ಯರ ಉಳಿಕೆ ಅನ್ನ ತಿಂದು ಬೆಳೆದದ್ದು. ಅದಕ್ಕೆ ಕಾರ್ಖಾನೆಯ ಚೀಲದ ಆಹಾರ ಹಾಕಿದರೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ಏನಾಗುತ್ತದೆ? ಹಳೆಯ ಆಹಾರ ಒಂದು ಗೂಡಿಗೆ, ಚೀಲದ ಆಹಾರ ಇನ್ನೊಂದು ಗೂಡಿಗೆ. ಮಳೆಗಾಲವಿಡೀ ಎರಡರ ಸಗಣಿಯನ್ನೂ ಪರೀಕ್ಷಿಸಿ ಹೋಲಿಸುವುದು. ಇದೇ ನಮ್ಮ ಪ್ರಯೋಗ.

ಅದರ ಬೆನ್ನಿಗೆ ಒಂದು ತೀರ್ಮಾನ ಕಾದಿತ್ತು. ಕಾಲುವೆ ದಂಡೆಯ ಹಂದಿ ಸಾಕುವವರಿಗೆ ನೆರವು ಕೊಡುವ ಯೋಜನೆಯೊಂದು ನಮ್ಮ ವರದಿಯನ್ನು ಎದುರು ನೋಡುತ್ತಿತ್ತು. ಹಳೆಯ ಆಹಾರದಿಂದ ಕಪ್ಪು ತಳಿಗೆ ಪ್ರಯೋಜನವಿದೆ ಎಂದು ವರದಿ ಹೇಳಿದರೆ ಕಪ್ಪು ಹಂದಿಗಳೂ ಯೋಜನೆಯೊಳಗೆ ಬರುತ್ತಿದ್ದವು. ಇಲ್ಲವೆಂದರೆ ಬಿಳಿ ಮಿಶ್ರತಳಿಯ ಮರಿಗಳು, ಚೀಲದ ಆಹಾರ. ಮತ್ತು ನೆರವು ಬೇಕಾದವರು ತಮ್ಮ ಕಪ್ಪು ಗಂಡುಗಳ ಬೀಜ ಒಡೆಸಬೇಕು.

ಆ ದಂಡೆಯಲ್ಲಿ ತಳಿಗಾಗಿ ಉಳಿದಿದ್ದ ಕಪ್ಪು ಗಂಡು ಒಂದೇ ಒಂದು. ಅದರ ಹೆಸರು ಜಮೀನ್ದಾರ. ಬೀಸಣಿಗೆಯಂಥ ಕಿವಿ ಕಣ್ಣಿನ ಮೇಲೆ ಇಳಿಬಿದ್ದು, ಎದುರಿಗೆ ಯಾರು ಬಂದರೂ ತಲೆ ಎತ್ತದೆ ಕೆಸರಲ್ಲಿ ಮಲಗಿರುವ ಪ್ರಾಣಿಗೆ ಬೇರೆ ಹೆಸರು ಹೊಂದುತ್ತಲೂ ಇರಲಿಲ್ಲ. ಅದನ್ನು ಸಾಕಿದವಳು ಫೂಲಮಣಿ. ಸಂತಾಲ ಬುಡಕಟ್ಟಿನ ಹೆಂಗಸು, ಐವತ್ತು ದಾಟಿದವಳು, ಮಂಡಿನೋವಿನಿಂದ ಓಲಾಡುತ್ತ ನಡೆಯುವವಳು. ಆ ಊರಿನ ವಾಡಿಕೆಯಂತೆ ನಾನು ಅವಳನ್ನು ಮಾಶಿ, ಅಂದರೆ ಚಿಗವ್ವ, ಎನ್ನುತ್ತಿದ್ದೆ, ಅವಳು ನನ್ನನ್ನು ದಿದಿ, ಅಕ್ಕ, ಎನ್ನುತ್ತಿದ್ದಳು. ನಾವು ಆಡುತ್ತಿದ್ದದ್ದು ಬಂಗಾಳಿ, ಅದರಲ್ಲೂ ನನ್ನದು ಹರಕು ಬಂಗಾಳಿ. ಆದರೆ ಅವಳ ಮಾತು ನನ್ನ ಕಿವಿಯಲ್ಲಿ ಉಳಿದಿರುವುದು ನಮ್ಮ ಕಡೆಯ ಕನ್ನಡವಾಗಿಯೇ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

"ಹಂಗಾರ ನಮ್ಮ ಜಮೀನ್ದಾರನ ಹಣೆಬರ ನಿಮ್ಮ ಸಗಣಿ ಡಬ್ಬಿಯಾಗ ಐತಿ ಅನ್ನು," ಎಂದಿದ್ದಳು ಎಲ್ಲ ಕೇಳಿದ ಮೇಲೆ.

ಸಂಸ್ಥೆಯ ಹಂದಿಗೂಡುಗಳು ಅವಳ ಮನೆಯಿಂದ ಕಾಲುವೆಯ ಸೇತುವೆ ದಾಟಿದರೆ ಸಿಗುತ್ತಿದ್ದವು. ಮರಿಗಳನ್ನು ಅವಳಿಂದಲೇ ಕೊಂಡಿದ್ದೆವು. ಹಳೆಯ ಆಹಾರ ಬೇಯಿಸುವ ಕೆಲಸಕ್ಕೂ ಅವಳನ್ನೇ ಇಟ್ಟುಕೊಂಡಿದ್ದೆವು. ಆ ಆಹಾರದ ವಿಧಾನವನ್ನು ನೋಡಲು ನಾನು ಮೊದಲು ಅವಳ ಮನೆಗೇ ಹೋಗಿದ್ದೆ. ಕೆಸುವಿನ ದಂಟನ್ನು ಕೊಚ್ಚಿ, ತವುಡು ಮತ್ತು ಹೋಟೆಲುಗಳಿಂದ ಹೊತ್ತು ತಂದ ಅನ್ನ, ತರಕಾರಿ ಸಿಪ್ಪೆಯ ಜೊತೆ ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ಆಮೇಲೆ ನೀಲಿ ಪೀಪಾಯಿಗೆ ಸುರಿಯುತ್ತಿದ್ದಳು. ಪೀಪಾಯಿ ಎಂದೂ ಖಾಲಿಯಾಗಿರುತ್ತಿರಲಿಲ್ಲ. ನಿನ್ನೆಯ ಗಂಜಿ ತಳದಲ್ಲಿ ಮೊಣಕೈ ಮುಳುಗುವಷ್ಟು ಉಳಿದಿರಬೇಕು, ಅದರ ಮೇಲೆ ಇಂದಿನದು. ಮರುದಿನ ಮುಚ್ಚಳ ತೆಗೆದರೆ ಗುಳ್ಳೆಯೇಳುತ್ತ, ನಮ್ಮ ದೋಸೆಹಿಟ್ಟಿನ ಹಾಗೆ ಘಮ್ಮೆನ್ನುತ್ತಿತ್ತು. ಯಾರದಾದರೂ ಪೀಪಾಯಿ ಕೆಟ್ಟು ನಾರಿದರೆ ಅದನ್ನು ಚೆಲ್ಲಿ, ಪಕ್ಕದವರಿಂದ ಒಂದು ಕೊಡ ಹುಳಿಗಂಜಿ ಕೇಳಿ ತಂದು ಹೊಸದಾಗಿ ಶುರು ಮಾಡುತ್ತಿದ್ದರು. ಹಾಗೆ ಆ ದಂಡೆಯ ಪೀಪಾಯಿಗಳೆಲ್ಲ ಒಂದಕ್ಕೊಂದು ಬಂಧುಗಳಾಗಿದ್ದವು.

ಪ್ರಯೋಗ ಆರಂಭವಾಗುವ ಮುನ್ನಾದಿನ ಯೋಜನೆಯ ಮುಖ್ಯಸ್ಥರು ಗೂಡುಗಳನ್ನು ನೋಡಲು ಬಂದರು. ಎಲ್ಲರೂ ಅವರನ್ನು ಸ್ಯಾರ್ ಎನ್ನುತ್ತಿದ್ದರು. ಅವರು ಕೇಡಿಗರಲ್ಲ, ಇದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ಸಹಾಯಕರ ಊಟದ ಡಬ್ಬಿ ಖಾಲಿಯಿದ್ದರೆ ತಮ್ಮದನ್ನು ಮುಂದೆ ತಳ್ಳುವ, ಹೊಸಬರ ತಪ್ಪನ್ನು ಎಲ್ಲರೆದುರು ಎತ್ತಾಡದ, ಒಳ್ಳೆಯ ಪಾಠ ಹೇಳುವ ಮನುಷ್ಯ. ಫೂಲಮಣಿ ತನ್ನ ಮನೆಯ ಹುಳಿಗಂಜಿ ಹಾಕಿ ಗೂಡುಗಳ ಬಳಿ ಸಿದ್ಧಪಡಿಸಿದ್ದ ಪೀಪಾಯಿಯೊಳಗೆ ಬಗ್ಗಿ ನೋಡಿ ಅವರು ಹಿಂದೆ ಸರಿದರು. ಹಂದಿಜ್ವರದ ಭಯ ಎಲ್ಲೆಡೆ ಇದ್ದ ಕಾಲ ಅದು. ಮೇಲಾಗಿ, ದಿನದಿನದ ಆಹಾರ ಒಂದೇ ಬಗೆಯಾಗಿರಬೇಕು, ನಿನ್ನೆಯ ಉಳಿಕೆ ಇಂದಿನದರೊಳಗೆ ಸೇರಬಾರದು ಎಂಬುದು ಪ್ರಯೋಗದ ಶಿಸ್ತು. ಪ್ರತಿದಿನ ಬೆಳಿಗ್ಗೆ ಪೀಪಾಯಿಯನ್ನು ಪೂರ್ತಿ ಖಾಲಿ ಮಾಡಿ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆಯಬೇಕು ಎಂದು ಆಜ್ಞೆಯಾಯಿತು. ಎರಡು ಕಾರಣಗಳೂ ಗೌರವಕ್ಕೆ ಅರ್ಹವಾದವೇ. ತಪ್ಪು ಅಲ್ಲಿಲ್ಲ.

ಫೂಲಮಣಿ ಪೊರಕೆ ಹಿಡಿದು ನಿಂತೇ ಕೇಳಿದಳು: "ತಳಾನೂ ತೊಳೀಬೇಕ?"

"ತಳವನ್ನೇ ತೊಳೆಯಬೇಕು," ಎಂದರು ಸ್ಯಾರ್.

"ತೊಳೀತೀನಿ. ಕೂಲಿ ಕೊಡಾವ್ರು ನೀವು. ಆದ್ರ ಇದು ನಮ್ಮ ಗಂಜಿ ಅಂತ ಬರೀಬ್ಯಾಡ್ರಿ. ತೊಳದ ಗಂಜಿ ಅಂತ ಬರೀರಿ."

ಅವರು ನಕ್ಕು, "ಆಗಲಿ ಮಾಶಿ, ಬರೆಯೋಣ," ಎಂದರು. ಆ ಮಾತನ್ನು ಅಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದೇವೆ.

ಆಷಾಢ ಸುರಿಯಿತು. ಗಾಜಿನ ಸೀಸೆಗಳಲ್ಲಿ ಸಗಣಿಯ ಮಾದರಿ ತುಂಬಿ, ಥರ್ಮೋಕೋಲ್ ಡಬ್ಬಿಯ ಮಂಜುಗಡ್ಡೆಯ ನಡುವೆ ಹುಗಿದು, ಮೊಣಕಾಲುದ್ದ ನೀರು ನಿಂತ ರಸ್ತೆಗಳಲ್ಲಿ ಬಸ್ಸು ಹತ್ತಿ ಪ್ರಯೋಗಾಲಯ ಮುಟ್ಟಿಸುವುದು ನನ್ನ ಕೆಲಸ. ಅದು ಇಲಿಶ್ ಮೀನಿನ ಕಾಲ. ಡಬ್ಬಿಯಿಂದ ನೀರು ತೊಟ್ಟಿಕ್ಕುವುದನ್ನು ಕಂಡ ಪ್ರತಿ ಬಂಗಾಳಿ ಮುಖವೂ ಅರಳುತ್ತಿತ್ತು. ಒಮ್ಮೆ ಒಬ್ಬ ಹಿರಿಯರು ಎದ್ದು ನನಗೆ ಸೀಟು ಬಿಟ್ಟುಕೊಟ್ಟು, "ಗಂಗೆಯದಾ ಪದ್ಮೆಯದಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಯಾವ ನದಿಯ ಮೀನೆಂದು ಅವರ ಪ್ರಶ್ನೆ. "ಜೋಕಾದ್ದು," ಎಂದೆ. ಜೋಕಾದಲ್ಲಿ ಎಂಥ ಇಲಿಶ್ ಎಂದು ಅವರು ಇಳಿಯುವವರೆಗೂ ಯೋಚಿಸುತ್ತಿದ್ದರು. ಆ ಮಳೆಗಾಲದಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲವಿರಬೇಕು.

ಶ್ರಾವಣದಲ್ಲಿ ಮರಿಗಳಿಗೆ ಭೇದಿ ಹತ್ತಿತು. ಚೀಲದ ಆಹಾರದ ಗೂಡಿನಲ್ಲಿ ಮೊದಲು, ಅದರ ಬೆನ್ನಿಗೇ ಹಳೆಯ ಆಹಾರದ ಗೂಡಿನಲ್ಲಿ. ಬೆಳಿಗ್ಗೆ ಹೋದಾಗ ಒಂದೊಂದು ಗೂಡಿನ ಮೂಲೆಯಲ್ಲಿ ಮರಿಯೊಂದು ಬಾಲ ಒದ್ದೆಯಾಗಿ, ಹೊಟ್ಟೆ ಬೆನ್ನಿಗಂಟಿ ಬಿದ್ದಿರುತ್ತಿತ್ತು. ಉಳಿದವು ಅದರ ಮೇಲೆಯೇ ಬೆಚ್ಚಗೆ ಒತ್ತಿ ಮಲಗಿರುತ್ತಿದ್ದವು. ಗೂಡುಗಳ ಹಿಂದೆ ಗುಂಡಿ ತೋಡಿ, ಸುಣ್ಣ ಹಾಕಿ ಹೂಳುತ್ತಿದ್ದೆವು. ಮಳೆಯಲ್ಲಿ ಗುಂಡಿ ತೋಡಿದಷ್ಟೂ ನೀರು ತುಂಬುತ್ತಿತ್ತು, ಸುಣ್ಣ ಹಾಕಿದೊಡನೆ ನೀರು ಹೊಗೆಯಾಡುತ್ತಿತ್ತು. ಒಂದು ದಿನ ಫೂಲಮಣಿ ಸತ್ತ ಮರಿಯೊಂದನ್ನು ಗುಂಡಿಗೆ ಇಳಿಸದೆ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅದರ ಎಡಗಿವಿಯ ತುದಿ ಹುಟ್ಟಿನಿಂದಲೇ ಸೀಳಿತ್ತು.

"ಇದು ಹುಟ್ಟಿದಾಗ ಉಸಿರಾಡಿರಲಿಲ್ಲ. ಬಾಯಾಗ ಬೆರಳಿಟ್ಟು ಲೋಳಿ ತಗದು ಊದಿದ್ದೆ," ಎಂದಳು. ಆ ಕಿವಿಯನ್ನು ಸವರುತ್ತ, "ಇದರ ಅಣ್ಣ ಮನ್ಯಾಗ ಐತಿ. ಚಂದ ತಿರಗ್ಯಾಡತೈತಿ," ಎಂದಳು.

ಆ ಮಾತು ನನ್ನನ್ನು ಸುಮ್ಮನಿರಗೊಡಲಿಲ್ಲ. ಅದೇ ತಾಯಿಗಳ ಅದೇ ಸೂಲಿನ ಮರಿಗಳಲ್ಲಿ ಕೆಲವು ಫೂಲಮಣಿಯ ಮನೆಯಲ್ಲೇ ಉಳಿದಿದ್ದವು. ಅವಕ್ಕೂ ಅದೇ ಕೆಸು, ಅದೇ ತವುಡು. ಪೀಪಾಯಿ ಮಾತ್ರ ಬೇರೆ, ತಳ ತೊಳೆಯದ್ದು. ಸ್ಯಾರ್ ಅವರ ಅನುಮತಿ ಪಡೆದು ಅವುಗಳ ಸಗಣಿಯನ್ನೂ ನಾನು ಪರೀಕ್ಷೆಗೆ ಸೇರಿಸಿದೆ. ಭಾದ್ರಪದದಲ್ಲಿ ಫಲಿತಾಂಶ ಬಂತು. ಸಂಸ್ಥೆಯ ಎರಡು ಗೂಡುಗಳ ಮರಿಗಳ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಹೇಳುವಂಥ ವ್ಯತ್ಯಾಸವಿರಲಿಲ್ಲ. ಕಾಲುವೆಯಾಚೆಯ ಮನೆಯ ಮರಿಗಳದ್ದು ಮಾತ್ರ ಬೇರೆಯೇ ಲೋಕ: ಹುಳಿ ಬರಿಸುವ ಬ್ಯಾಕ್ಟೀರಿಯಾ, ನಾರು ಕರಗಿಸುವ ಬ್ಯಾಕ್ಟೀರಿಯಾ ಹೇರಳ, ಭೇದಿ ತರುವಂಥವು ವಿರಳ.

ಹಳೆಯ ಆಹಾರ ಎಂಬ ಹಣೆಪಟ್ಟಿ ಹಚ್ಚಿ ನಾವು ಹಾಕಿದ್ದು ಹಳೆಯ ಆಹಾರವಾಗಿರಲಿಲ್ಲ.

ಇದನ್ನು ಹೇಗೆ ಹೇಳಬೇಕೆಂದು ಯೋಚಿಸುತ್ತಿದ್ದ ವಾರದಲ್ಲೇ ಕಸ್ಬಾದ ಮನೆಯಲ್ಲಿ ಸಣ್ಣದೊಂದು ರಂಪವಾಯಿತು. ತಾಯಿಗೆ ಸಹಾಯ ಮಾಡಲು ಹೋದ ನೇಹಾ, ಅಡುಗೆಕಟ್ಟೆಯ ಮೂಲೆಯಲ್ಲಿದ್ದ ಸ್ಟೀಲ್ ಬಟ್ಟಲನ್ನು ಸೋಪು ಹಾಕಿ ಫಳಫಳ ತೊಳೆದಿಟ್ಟಿದ್ದಳು. ಅದು ಹೆಪ್ಪಿನ ಬಟ್ಟಲು.

"ಗಂದಾ ಇತ್ತು ಮಮ್ಮಿ, ಅದಕ್ಕೇ ಧೋ ದಿಯಾ," ಎಂದಳು.

"ಧೋ ದಿಯಾ ಅಂತ! ಹೆಪ್ಪ ತೊಳದ ಮ್ಯಾಲೆ ನಾಳಿ ಮೊಸರು ಯಾರು ಕೊಡತಾರ, ನಿಮ್ಮಪ್ಪನ ರೈಲ್ವೆನ?" ಚಿಗವ್ವನ ಕಣ್ಣಲ್ಲಿ ನಿಜಕ್ಕೂ ನೀರು ಬಂದಿತ್ತು. ಮದುವೆಯಾಗಿ ಬಂದ ವರ್ಷ ಊರಿಂದ ತಂದ ಹೆಪ್ಪು ಅದು. ಅಂಗಡಿಯ ಮೊಸರನ್ನು ಹೆಪ್ಪಿಗೆ ಹಾಕಿ ನೋಡಿದಳು. ಅದೇ ಹಾಲು, ಅದೇ ಒಲೆ, ಆದರೆ ಬೆಳಿಗ್ಗೆ ಲೋಳೆಲೋಳೆಯಾಗಿತ್ತು. ಕಡೆಗೆ, ಎಂದೋ ತನ್ನಿಂದ ಹೆಪ್ಪು ಒಯ್ದಿದ್ದ ಹುಬ್ಬಳ್ಳಿ ಕಡೆಯ ಕುಟುಂಬವೊಂದು ದಕ್ಷಿಣೇಶ್ವರದಲ್ಲಿರುವುದು ನೆನಪಾಗಿ, ಮೆಟ್ರೋ ಹತ್ತಿ ಹೋಗಿ ಡಬ್ಬಿಯಲ್ಲಿ ಮರಳಿ ತಂದಳು. ಊರಿನ ಆಚೆ ತುದಿಯಿಂದ ಈಚೆಗೆ ಬಂದದ್ದು ಒಂದು ಚಮಚ ಮೊಸರು. ಚಿಗವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಬಂದಳಂತೆ.

ದುರ್ಗಾಪೂಜೆಯ ರಜೆಗೆ ಮುಂಚಿನ ಸಭೆಯಲ್ಲಿ ನಾನು ಈ ಹೆಪ್ಪಿನ ಮಾತನ್ನೇ ಆಡಿದೆ. ಹೊರಗೆ ಬೀದಿಬೀದಿಯಲ್ಲಿ ಪೂಜೆಯ ಚಪ್ಪರಕ್ಕೆ ಬಿದಿರಿನ ಚೌಕಟ್ಟು ಕಟ್ಟುತ್ತಿದ್ದರು, ಸುತ್ತಿಗೆಯ ಸದ್ದು ಒಳಗೂ ಕೇಳುತ್ತಿತ್ತು. ಪೀಪಾಯಿಯ ತಳದಲ್ಲಿದ್ದದ್ದು ಹೆಪ್ಪು, ಅದನ್ನು ನಾವು ದಿನವೂ ಕೊಂದಿದ್ದೇವೆ, ಆದ್ದರಿಂದ ನಮ್ಮ ಹೋಲಿಕೆ ಹಳೆಯ ಆಹಾರದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂದೆ. ಸಹೋದ್ಯೋಗಿಯೊಬ್ಬ, "ಧಾರವಾಡದ ಮೊಸರನ್ನು ಹಂದಿಗೂಡಿಗೂ ತಂದ್ರಾ?" ಎಂದ. ಎಲ್ಲರೂ ನಕ್ಕರು, ಆಮೇಲೆ ತಿಂಗಳವರೆಗೂ ನನಗೆ ಮೊಸರು ಮೇಡಂ ಎಂಬ ಹೆಸರು ಉಳಿಯಿತು.

ಸ್ಯಾರ್ ನಗಲಿಲ್ಲ. ಸಭೆ ಮುಗಿದ ಮೇಲೆ ಕೋಣೆಗೆ ಕರೆದು, ಚಹಾ ತರಿಸಿ, "ಕುಳಿತುಕೋ ಮಾ," ಎಂದರು. ಮಗಳ ವಯಸ್ಸಿನವರನ್ನು ಅಲ್ಲಿ ಹಾಗೆಯೇ ಕರೆಯುತ್ತಾರೆ. "ಮನೆಯ ಮರಿಗಳದ್ದು ಬೇರೆ ಕೆಸರು, ಬೇರೆ ನೀರು. ವ್ಯತ್ಯಾಸಕ್ಕೆ ಪೀಪಾಯಿಯೇ ಕಾರಣ ಎಂದು ಹೇಗೆ ಹೇಳುತ್ತೀಯ?"

"ಹೇಳುತ್ತಿಲ್ಲ ಸರ್. ಪೀಪಾಯಿ ಇರಬಹುದು, ಕೆಸರಿರಬಹುದು, ಎರಡೂ ಇರಬಹುದು. ಆದರೆ ನಾವು ತೊಳೆದೆವು ಎಂಬುದಂತೂ ನಿಜ. ಪ್ರಯೋಗದ ವಿಧಾನ ಬರೆಯುವ ಕಡೆ ಅದೊಂದು ವಾಕ್ಯ ಸೇರಿಸಿ."

"ಶುಚಿಯಾಗಿಟ್ಟದ್ದು ಅಪರಾಧವೇ?"

"ಇಟ್ಟದ್ದಲ್ಲ ಸರ್. ಹೇಳದಿರುವುದು. ಮಾಶಿಗೆ ನೀವು ಮಾತು ಕೊಟ್ಟಿದ್ದಿರಿ."

ಅವರು ಚಹಾದ ಕಪ್ಪನ್ನು ತಟ್ಟೆಯ ಮೇಲೆ ತಿರುಗಿಸಿದರು. "ಆ ವಾಕ್ಯ ಓದಿದವರು ಮುಂದಿನದನ್ನು ಓದುವುದೇ ಇಲ್ಲ. ಪ್ರಯೋಗವನ್ನೇ ಮತ್ತೆ ಮಾಡಿ ಎನ್ನುತ್ತಾರೆ. ಮತ್ತೆ ಮಾಡಲು ನಮಗೆ ಯಾರು ಅವಕಾಶ ಕೊಡುತ್ತಾರೆ? ಇಷ್ಟು ಜನರ ದುಡಿಮೆ ಹೋಗುತ್ತದೆ, ನಿನ್ನದೂ ಹೋಗುತ್ತದೆ. ಬಿಟ್ಟುಬಿಡು ಮಾ. ಪಾತ್ರೆ ತೊಳೆದದ್ದನ್ನೆಲ್ಲ ಯಾರೂ ಬರೆಯುವುದಿಲ್ಲ."

ಆ ವಾಕ್ಯವನ್ನು ಓದಿದವರು ಮುಂದೆ ಓದುವುದಿಲ್ಲ. ಅಂದರೆ ಅದರ ತೂಕ ಅವರಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ತಿಳಿಯದೆ ಬಿಟ್ಟಿದ್ದರೆ ಅದು ಮರೆವು. ತಿಳಿದೂ ಬಿಟ್ಟದ್ದಕ್ಕೆ ಬೇರೆ ಹೆಸರಿದೆ, ಮತ್ತು ಆ ಹೆಸರನ್ನು ಒಳ್ಳೆಯ ಮನುಷ್ಯರಿಗೆ ಇಡಲು ನಮ್ಮ ವಿಶ್ವವಿದ್ಯಾಲಯಗಳು ನಮಗೆ ಕಲಿಸುವುದಿಲ್ಲ. ನಾವು ಕಲಿತದ್ದು ಒಳ್ಳೆಯವರೆದುರು ತಲೆ ತಗ್ಗಿಸುವುದನ್ನು. ನಾನು ವರದಿಯಿಂದ ನನ್ನ ಹೆಸರನ್ನು ತೆಗೆಯಲು ಹೇಳಿ ಹೊರಬಂದೆ.

ವರದಿ ಹೊರಟುಹೋಯಿತು. ಸಾಂಪ್ರದಾಯಿಕ ಆಹಾರದಿಂದ ಸ್ಥಳೀಯ ತಳಿಯ ಕರುಳಿನ ಬ್ಯಾಕ್ಟೀರಿಯಾಗಳಿಗೆ ವಿಶೇಷ ಪ್ರಯೋಜನ ಕಂಡುಬರಲಿಲ್ಲ ಎಂಬುದು ಅದರ ಸಾರ. ಮನೆಯ ಮರಿಗಳ ಫಲಿತಾಂಶ ಅದರಲ್ಲಿರಲಿಲ್ಲ. ಅವು ಪ್ರಯೋಗದ ಭಾಗವಲ್ಲವೆಂದು ಬಿಟ್ಟಿದ್ದರು. ನಾನು ಸಂಸ್ಥೆಯ ಮೇಲಿನವರಿಗೆ ಬರೆದೆ, ಯೋಜನೆಗೆ ಹಣ ಕೊಟ್ಟವರಿಗೆ ಬರೆದೆ. ನಿಮ್ಮ ಕಾಳಜಿಯನ್ನು ಗಮನಿಸಲಾಗಿದೆ ಎಂಬ ಒಂದೇ ಒಂದು ಉತ್ತರ ಬಂತು. ಯಾರು ಗಮನಿಸಿದರು, ಗಮನಿಸಿ ಏನು ಮಾಡಿದರು ಎಂಬುದು ಅದರಲ್ಲಿರಲಿಲ್ಲ. ವರ್ಷ ಮುಗಿಯಿತು, ನಾನು ಧಾರವಾಡಕ್ಕೆ ಮರಳಿದೆ.

ಈ ಆಷಾಢದ ಆ ಬೆಳಿಗ್ಗೆ, ದೋಸೆಹಿಟ್ಟು ಒರೆಸಿದ ನೆಲ ಒಣಗಿದ ಮೇಲೆ, ಚಿಗವ್ವನಿಗೆ ಹೇಳಿ ಜೋಕಾದ ದಾರಿ ಹಿಡಿದೆ. "ಬರೂವಾಗ ಜಳಕಕ್ಕ ನೀರ ಕಾಯಿಸಿಟ್ಟಿರತೀನಿ," ಎಂದಳು ಅವಳು. ಕಾಲುವೆಯ ದಂಡೆಯ ಅರ್ಧಕ್ಕೆ ಕಾಂಕ್ರೀಟು ಬಿದ್ದಿದೆ. ಫೂಲಮಣಿಯ ತಗಡಿನ ಸೂರು ಹಾಗೇ ಇತ್ತು. ಕೆಳಗೆ ಬಿಳಿ ಹಂದಿಗಳು, ಗೋಡೆಗೆ ಒರಗಿಸಿದ ಚೀಲಗಳು. ಅವಳು ನನ್ನನ್ನು ದೂರದಿಂದಲೇ ಗುರುತಿಸಿದಳು.

"ದಿದಿ, ಮೀನಿನ ಡಬ್ಬಿ ಎಲ್ಲಿ?" ಎಂದಳು. ಬಸ್ಸಿನ ಕಥೆಯನ್ನು ಅಂದು ಅವಳಿಗೂ ಹೇಳಿದ್ದೆ.

ಕುಳಿತೆವು. ಹೋಟೆಲಿನ ಬಕೆಟ್ಟು ಹೊರುವುದು ತಪ್ಪಿ ಮಂಡಿ ಹಗುರಾಗಿದೆಯಂತೆ. ಚೀಲದ ಆಹಾರ ಸುಲಭ, ಸುರಿದರಾಯಿತು. ಮರಿಗಳಿಗೆ ಭೇದಿಯಾದರೆ ಚೀಲ ಕೊಡುವವರೇ ಔಷಧಿಯನ್ನೂ ಮಾರುತ್ತಾರೆ. "ಇವು ಕೆಟ್ಟವಲ್ಲ," ಎಂದಳು ಬಿಳಿ ಹಂದಿಗಳ ಕಡೆ ಗದ್ದ ತೋರಿಸಿ. "ಬಾಡಿಗಿ ಮಂದಿ ಇದ್ದಂಗ. ಇರತಾವ, ಹೋಗತಾವ. ಹೆಸರಿಟ್ಟಿಲ್ಲ."

"ಜಮೀನ್ದಾರ?"

"ಮೊದಲ ಬೀಜಾ ಒಡದ್ರು. ಮತ್ತ ದಪ್ಪ ಆದ. ಪೂಜಾದ ಮುಂದ ಕಟಗರ ಕೈಗೆ ಹೋದ." ಅವಳು ಕೈಯಾಡಿಸಿದ ಕಡೆ ನೋಡಿದೆ. ಕೆಸರಿನ ಹೊಂಡವಿದ್ದಲ್ಲಿ ಇಟ್ಟಿಗೆ ಹಾಸಿದ್ದರು.

ನೀಲಿ ಪೀಪಾಯಿ ಸೂರಿನ ಅಂಚಿನ ಕೆಳಗಿತ್ತು, ಮಳೆನೀರು ಹಿಡಿಯಲು. ಬಗ್ಗಿ ಮೂಸಿದೆ. ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟು ಏನೂ ಇರಲಿಲ್ಲ. "ಮತ್ತೆ ಶುರು ಮಾಡಬಹುದಲ್ಲ ಮಾಶಿ? ಯಾರದಾದರೂ ಮನೆಯಿಂದ ಒಂದು ಕೊಡ ತಂದು?"

"ಯಾರ ಮನ್ಯಾಗಿಂದ?" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ದಂಡೆಯುದ್ದಕ್ಕೂ ಪೀಪಾಯಿಗಳಲ್ಲಿ ಮಳೆನೀರು ತುಂಬಿತ್ತು. ಚಿಗವ್ವನಿಗೆ ಒಂದು ದಕ್ಷಿಣೇಶ್ವರವಿತ್ತು, ಫೂಲಮಣಿಗೆ ಇಲ್ಲ.

ಹೊರಡುವಾಗ ಅವಳು ಸೇತುವೆಯವರೆಗೂ ಬಂದಳು. "ಅವತ್ತ ಹೇಳಿದ್ನಲ್ಲ, ತೊಳದ ಗಂಜಿ ಅಂತ ಬರೀರಿ ಅಂತ. ಬರದ್ರೇನು?"

"ಇಲ್ಲ ಮಾಶಿ."

"ನೀ ಬರಿ ಮತ್ತ."

"ನಾನು ಬರೆಯುವುದು ಕನ್ನಡದಲ್ಲಿ. ಇಲ್ಲಿ ಯಾರೂ ಓದುವುದಿಲ್ಲ."

"ಇಂಗ್ಲಿಷಿನ್ಯಾಗ ಬರದದ್ದನ್ನ ನಾ ಓದೀನೇನು?" ಎಂದಳು. "ಯಾವ ಭಾಷಾದಾಗರ ಬರಿ. ನಂದು ಕೆಟ್ಟಿತ್ತು ಅಂತ ಒಂದ ಕಡೆ ಬರದಾರಲ್ಲ. ತೊಳದಿದ್ರು ಅಂತ ಒಂದ ಕಡೆ ಇರಲಿ."

ಒಂದು ವರದಿ ಒಬ್ಬ ಹೆಂಗಸಿನ ಹೊಸ್ತಿಲಿಗೆ ಬಂದು ಅವಳ ಗಂಡುಹಂದಿಯ ಬೀಜ ಒಡೆಯುತ್ತದೆ, ಒಂದು ದಂಡೆಯ ಪೀಪಾಯಿಗಳನ್ನೆಲ್ಲ ಬರಿದು ಮಾಡುತ್ತದೆ, ಒಂದು ತಳಿಯ ಕರುಳಿನಲ್ಲಿ ತಾಯಿಯಿಂದ ಮರಿಗೆ, ಪೀಪಾಯಿಯಿಂದ ಪೀಪಾಯಿಗೆ ಸಾಗಿಬಂದದ್ದನ್ನು ಮತ್ತೆ ತರಲಾಗದಂತೆ ಅಳಿಸುತ್ತದೆ. ಅದಕ್ಕೆ ಸಹಿ ಹಾಕಿದವರು ಇದ್ದಾರೆ, ಅದನ್ನು ಒಪ್ಪಿಕೊಂಡವರು ಇದ್ದಾರೆ, ಅದರ ಆಧಾರದಲ್ಲಿ ಚೀಲ ಹಂಚಿದವರು ಇದ್ದಾರೆ. ಹಳೆಯ ಗಂಜಿಯೇ ಶ್ರೇಷ್ಠವೆಂದು ಸಾರಿರಿ ಎಂದು ನಾನು ಅವರನ್ನು ಕೇಳುತ್ತಿಲ್ಲ. ಅದು ನನಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿಯನ್ನು ಅವರೇ ಮುಚ್ಚಿದ್ದಾರೆ. ವರದಿಯನ್ನು ತಿದ್ದಿ, ಕೊಟ್ಟ ಮಾತನ್ನು ನಡೆಸಿ ಎಂದಷ್ಟೇ ಕೇಳುತ್ತಿದ್ದೇನೆ. ಅಲ್ಲಿಯವರೆಗೆ ಅವರು ಸೇರಿಸಲೊಪ್ಪದ ವಾಕ್ಯ ಇಲ್ಲಿರುತ್ತದೆ, ಫೂಲಮಣಿಗೆ ಓದಲು ಬಾರದ ಇನ್ನೊಂದು ಭಾಷೆಯಲ್ಲಿ:

ಈ ಪ್ರಯೋಗದಲ್ಲಿ ಸಾಂಪ್ರದಾಯಿಕ ಆಹಾರದ ಪೀಪಾಯಿಯನ್ನು ಪ್ರತಿದಿನ ಬೆಳಿಗ್ಗೆ, ತೊಳೆದರೆ ಅದು ತಮ್ಮ ಗಂಜಿಯಾಗದೆಂದು ಬೇಯಿಸುವವಳು ಹೇಳಿದ್ದರೂ, ತಳದವರೆಗೆ ತೊಳೆಯಲಾಗಿತ್ತು.